ಕೀನ್ಯಾ ರಾಷ್ಟ್ರೀಯ ಪುರುಷರ ಫುಟ್‌ಬಾಲ್ ತಂಡ

ಕೀನ್ಯಾ ರಾಷ್ಟ್ರೀಯ ಪುರುಷರ ಫುಟ್‌ಬಾಲ್ ತಂಡವು ಪೂರ್ವ ಆಫ್ರಿಕಾದ ಕೀನ್ಯಾ ದೇಶವನ್ನು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಪ್ರತಿನಿಧಿಸುತ್ತದೆ. 'ಹರಂಬೇ ಸ್ಟಾರ್ಸ್' ಎಂಬುದು ಇದರ ರೂಢಿಯ ಹೆಸರು. ಕೀನ್ಯಾ ಫುಟ್‌ಬಾಲ್ ಒಕ್ಕೂಟವು ತಂಡದ ಆಡಳಿತವನ್ನು ನೋಡಿಕೊಳ್ಳುತ್ತದೆ. ರಾಜಧಾನಿ ನೈರೋಬಿಯ ಕಸರಾನಿಯಲ್ಲಿರುವ ಮೋಯಿ ಅಂತರರಾಷ್ಟ್ರೀಯ ಕ್ರೀಡಾ ಕೇಂದ್ರ ಹಾಗೂ ನ್ಯಾಯೋ ಕ್ರೀಡಾಂಗಣಗಳು ಇದರ ತವರು ಮೈದಾನಗಳು. ತಂಡವು ಈವರೆಗೆ ವಿಶ್ವಕಪ್ ಪ್ರಧಾನ ಹಂತವನ್ನು ಪ್ರವೇಶಿಸಿಲ್ಲ. ಆಫ್ರಿಕಾ ಕಪ್ ಆಫ್ ನೇಷನ್ಸ್ ಪಂದ್ಯಾವಳಿಗೆ 1972, 1988, 1990, 1992, 2004 ಮತ್ತು 2019ರಲ್ಲಿ, ಒಟ್ಟು ಆರು ಬಾರಿ ಅರ್ಹತೆ ಪಡೆದಿದ್ದರೂ ಒಮ್ಮೆಯೂ ಮೊದಲ ಸುತ್ತನ್ನು ದಾಟಿಲ್ಲ.

ಆಟದ ಫಲಿತಾಂಶಗಳಿಗಿಂತ ಆಡಳಿತದ ಬಿಕ್ಕಟ್ಟುಗಳಿಂದಲೇ ಈ ತಂಡವು ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಸುದ್ದಿಯಾಗಿದೆ. 2022ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಕೀನ್ಯಾವನ್ನು ಅಮಾನತಿನಲ್ಲಿರಿಸಿತು. ಅದೇ ವರ್ಷ, ಬಹುಮಟ್ಟಿಗೆ ಅದೇ ಕಾರಣಕ್ಕೆ, ಭಾರತವೂ ಅಮಾನತಿಗೆ ಗುರಿಯಾಯಿತು. ಈ ಕಾರಣದಿಂದ ಕೀನ್ಯಾ ತಂಡದ ಚರಿತ್ರೆಯು ಭಾರತೀಯ ಓದುಗರಿಗೆ ತೀರಾ ಪರಕೀಯವಾದುದಲ್ಲ.

ಹೆಸರು

'ಹರಂಬೇ' ಎಂಬ ಸ್ವಾಹಿಲಿ ಪದಕ್ಕೆ 'ಎಲ್ಲರೂ ಸೇರಿ ಎಳೆಯೋಣ' ಎಂದು ಅರ್ಥ. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಜೋಮೋ ಕೆನ್ಯಾಟಾ ಅವರು ಇದನ್ನು ರಾಷ್ಟ್ರೀಯ ಘೋಷಣೆಯನ್ನಾಗಿ ಮಾಡಿದರು. ದೇಶದ ಲಾಂಛನದಲ್ಲಿಯೂ ಇದೇ ಪದವಿದೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಮಾರ್ಗ ಹಾಕಲು ಬ್ರಿಟಿಷರು ಭಾರತದಿಂದ, ಮುಖ್ಯವಾಗಿ ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಕರೆದೊಯ್ದಿದ್ದರು. ಅವರು ಭಾರವಾದ ಹಳಿಗಳನ್ನು ಎತ್ತುವಾಗ ಕೂಗುತ್ತಿದ್ದ 'ಹರ ಹರ ಅಂಬೇ' ಎಂಬ ಉದ್ಗಾರವೇ 'ಹರಂಬೇ' ಆಯಿತೆಂಬ ಕತೆ ಅಲ್ಲಿ ಪ್ರಚಲಿತವಾಗಿದೆ. ಕತೆ ಸೊಗಸಾಗಿದೆಯೇ ಹೊರತು ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಪದವು ಕರಾವಳಿಯ ಆಡುಮಾತಿನಲ್ಲಿಯೇ ಹುಟ್ಟಿದ್ದೆಂಬುದು ಹೆಚ್ಚು ಸಂಭವನೀಯ.

ವಿಜಯನಗರ ಜಿಲ್ಲೆಯ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ರಥೋತ್ಸವವನ್ನು ಕಂಡವರಿಗೆ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೇರಿನ ಹಗ್ಗಕ್ಕೆ ಸಾವಿರಾರು ಕೈಗಳು ಸೇರುತ್ತವೆ. ಆದರೆ ಗಾಲಿಗಳ ಬಳಿ ನಿಂತು ಸನ್ನೆ ಕೊಟ್ಟು ದಾರಿ ತಿದ್ದುವವರು ಕೆಲವರೇ ಇರುತ್ತಾರೆ, ಮತ್ತು ತೇರು ನೆಟ್ಟಗೆ ಸಾಗುವುದೂ ಬಿಡುವುದೂ ಅವರ ಎಚ್ಚರವನ್ನು ಅವಲಂಬಿಸಿರುತ್ತದೆ. ಕೀನ್ಯಾ ಫುಟ್‌ಬಾಲಿನಲ್ಲಿ ಹಗ್ಗ ಹಿಡಿಯುವವರಿಗೆ ಎಂದೂ ಕೊರತೆಯಾಗಿಲ್ಲ.

ಹಿನ್ನೆಲೆ

ಪೂರ್ವ ಆಫ್ರಿಕಾದ ಫುಟ್‌ಬಾಲ್ ಸ್ಪರ್ಧೆಗಳು ವಸಾಹತು ಕಾಲದಷ್ಟು ಹಳೆಯವು. 1926ರಲ್ಲಿ ಸಾಬೂನು ತಯಾರಕ ಸಂಸ್ಥೆಯೊಂದರ ಪ್ರಾಯೋಜಕತ್ವದಲ್ಲಿ ಕೀನ್ಯಾ ಮತ್ತು ಉಗಾಂಡಾ ನಡುವೆ ಗಾಸೇಜ್ ಕಪ್ ಆರಂಭವಾಯಿತು. ಮುಂದೆ ಟಾಂಗಾನ್ಯೀಕಾ ಮತ್ತು ಜಾಂಜಿಬಾರ್ ಸೇರಿಕೊಂಡವು. ಇದೇ ಸ್ಪರ್ಧೆ ಹೆಸರು ಬದಲಿಸುತ್ತ ಸಾಗಿ 1973ರಿಂದ ಸೆಕಾಫಾ ಕಪ್ ಎನಿಸಿತು. ಕೀನ್ಯಾ ಈ ಕಪ್ಪನ್ನು 1975, 1981, 1982, 1983, 2002, 2013 ಮತ್ತು 2017ರಲ್ಲಿ ಗೆದ್ದಿದೆ.

1980ರ ದಶಕವನ್ನು ಕೀನ್ಯಾ ಫುಟ್‌ಬಾಲಿನ ಉತ್ತಮ ಕಾಲವೆಂದು ಪರಿಗಣಿಸಲಾಗುತ್ತದೆ. 1987ರಲ್ಲಿ ನೈರೋಬಿಯಲ್ಲಿಯೇ ನಡೆದ ಅಖಿಲ ಆಫ್ರಿಕಾ ಕ್ರೀಡಾಕೂಟದ ಅಂತಿಮ ಪಂದ್ಯವನ್ನು ತಂಡವು ತಲುಪಿ, ಈಜಿಪ್ಟ್ ವಿರುದ್ಧ 0–1ರಿಂದ ಸೋತಿತು. ಅದೇ ವರ್ಷ ನೈರೋಬಿಯ ಗೋರ್ ಮಾಹಿಯಾ ಕ್ಲಬ್, ಟ್ಯುನೀಷಿಯಾದ ಎಸ್ಪೆರಾನ್ಸ್ ತಂಡವನ್ನು ಮಣಿಸಿ ಆಫ್ರಿಕಾ ಕಪ್ ವಿನ್ನರ್ಸ್ ಕಪ್ ಗೆದ್ದಿತು. ತರುವಾಯ ಸತತವಾಗಿ ಮೂರು ಬಾರಿ ಆಫ್ರಿಕಾ ಕಪ್ ಆಫ್ ನೇಷನ್ಸ್‌ಗೆ ಅರ್ಹತೆ ದೊರೆಯಿತು.

ಆ ಬಳಿಕ ಹನ್ನೆರಡು ವರ್ಷಗಳ ವಿರಾಮ. 2004ರಲ್ಲಿ ಬುರ್ಕಿನಾ ಫಾಸೊ ವಿರುದ್ಧ 3–0, 2019ರಲ್ಲಿ ನೆರೆಯ ಟಾಂಜಾನಿಯಾ ವಿರುದ್ಧ 3–2. ಈ ಪಂದ್ಯಾವಳಿಯ ಪ್ರಧಾನ ಹಂತದಲ್ಲಿ ನೆನಪಿನಲ್ಲಿಡಬೇಕಾದ ಗೆಲುವುಗಳು ಇವೆರಡೇ. ಆದರೂ ಬಿಡಿಬಿಡಿಯಾಗಿ ಉತ್ತಮ ಆಟಗಾರರು ಬಂದಿದ್ದಾರೆ. ಮೆಕ್‌ಡೊನಾಲ್ಡ್ ಮರಿಗಾ 2010ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದ ಇಂಟರ್ ಮಿಲಾನ್ ತಂಡದಲ್ಲಿದ್ದರು. ಅವರ ಸಹೋದರ ವಿಕ್ಟರ್ ವಾನ್ಯಾಮಾ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಪರ ಆಡಿದರು. ಮೈಕೆಲ್ ಒಲುಂಗಾ 2020ರ ಜಪಾನ್ ಲೀಗಿನಲ್ಲಿ 28 ಗೋಲು ಹೊಡೆದು ವರ್ಷದ ಶ್ರೇಷ್ಠ ಆಟಗಾರರೆನಿಸಿದರು. ಇಂಥ ಆಟಗಾರರನ್ನು ಕೊಡಬಲ್ಲ ದೇಶದ ತಂಡವು ತನ್ನ ಖಂಡದಲ್ಲಿಯೇ ಏಕೆ ಹಿಂದುಳಿಯಿತೆಂಬ ಪ್ರಶ್ನೆಗೆ ಉತ್ತರವನ್ನು ಮೈದಾನದ ಹೊರಗೆ ಹುಡುಕಬೇಕಾಗುತ್ತದೆ.

ಕೈತಪ್ಪಿದ ಆತಿಥ್ಯಗಳು

1996ರ ಆಫ್ರಿಕಾ ಕಪ್ ಆಫ್ ನೇಷನ್ಸ್ ಪಂದ್ಯಾವಳಿಯ ಆತಿಥ್ಯವು ಮೊದಲು ಕೀನ್ಯಾಕ್ಕೆ ದೊರೆತಿತ್ತು. ಸಿದ್ಧತೆ ಸಾಲದೆಂಬ ಕಾರಣಕ್ಕೆ ಅದು ದಕ್ಷಿಣ ಆಫ್ರಿಕಾದ ಪಾಲಾಯಿತು. ಅಲ್ಲಿ ದಕ್ಷಿಣ ಆಫ್ರಿಕಾ ಕಪ್ಪನ್ನೂ ಗೆದ್ದಿತು. 2018ರ ಆಫ್ರಿಕಾ ರಾಷ್ಟ್ರಗಳ ಚಾಂಪಿಯನ್‌ಷಿಪ್‌ನ ಆತಿಥ್ಯವೂ ಹೀಗೆಯೇ 2017ರ ಸೆಪ್ಟೆಂಬರಿನಲ್ಲಿ ಕೈತಪ್ಪಿ ಮೊರಾಕ್ಕೊಗೆ ಹೋಯಿತು. ಮೊರಾಕ್ಕೊ ಕೂಡ ತನ್ನ ನೆಲದಲ್ಲಿ ಗೆದ್ದಿತು. ದೇಶೀಯ ಲೀಗಿನಲ್ಲಿ ಆಡುವವರಿಗೆ ಮಾತ್ರ ಮೀಸಲಾದ ಈ ಎರಡನೆಯ ಪಂದ್ಯಾವಳಿಯು 'ಚಾನ್' ಎಂಬ ಹ್ರಸ್ವರೂಪದಿಂದ ಪರಿಚಿತವಾಗಿದೆ.

ದೇಶೀಯ ಲೀಗಿನ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಪ್ರಸಾರಕ ಸಂಸ್ಥೆ ಸೂಪರ್‌ಸ್ಪೋರ್ಟ್ 2017ರಲ್ಲಿ ಒಪ್ಪಂದದಿಂದ ಹಿಂದೆ ಸರಿಯಿತು. ಬಾಜಿ ಕಂಪನಿ ಸ್ಪೋರ್ಟ್‌ಪೇಸಾ ಸರ್ಕಾರದ ತೆರಿಗೆಯನ್ನು ಪ್ರತಿಭಟಿಸಿ 2018ರ ಜನವರಿಯಲ್ಲಿ ಪ್ರಾಯೋಜಕತ್ವ ನಿಲ್ಲಿಸಿತು. 2020ರಲ್ಲಿ ಐದು ವರ್ಷಗಳಿಗೆಂದು ಬಂದ ಬೆಟ್‌ಕಿಂಗ್ ಮರುವರ್ಷವೇ ಹೊರಟುಹೋಯಿತು. ಲೀಗಿಗೆ ಹಣ ಬರುವ ದಾರಿಯು ಹೀಗೆ ಪದೇ ಪದೇ ಮುಚ್ಚಿಕೊಂಡರೆ ಕ್ಲಬ್‌ಗಳು ಆಟಗಾರರಿಗೆ ವೇತನ ಕೊಡಲಾರವು. ರಾಷ್ಟ್ರೀಯ ತಂಡಕ್ಕೆ ಬರಬೇಕಾದವರು ಬೇರೆ ಉದ್ಯೋಗ ಹುಡುಕಿಕೊಳ್ಳುತ್ತಾರೆ. ಇದರ ಜೊತೆಗೆ ಸಾಲದ ಹೊರೆಯೂ ಇತ್ತು. 2014ರಲ್ಲಿ ಅಕ್ರಮವಾಗಿ ವಜಾಗೊಂಡ ತರಬೇತುದಾರ ಅದೆಲ್ ಅಮ್ರೂಷ್ ಅವರಿಗೆ ಸುಮಾರು ಹತ್ತು ಲಕ್ಷ ಡಾಲರ್ ಪರಿಹಾರ ಕೊಡಬೇಕೆಂಬ ಆದೇಶವು ಒಕ್ಕೂಟವನ್ನು ವರ್ಷಗಟ್ಟಲೆ ಕಾಡಿತು.

2022ರ ಅಮಾನತು

ಕೀನ್ಯಾಕ್ಕೆ ಫಿಫಾ ಅಮಾನತು ಹೊಸದಲ್ಲ. 2004ರಲ್ಲಿಯೂ 2006ರಲ್ಲಿಯೂ ಇಂಥ ಕ್ರಮ ಜರುಗಿತ್ತು. ಆದರೆ 2022ರದು ದೀರ್ಘವಾದದ್ದು ಮತ್ತು ಹೆಚ್ಚು ನಷ್ಟವುಂಟುಮಾಡಿದ್ದು.

2021ರ ನವೆಂಬರಿನಲ್ಲಿ ಅಂದಿನ ಕ್ರೀಡಾ ಸಚಿವೆ ಅಮೀನಾ ಮೊಹಮ್ಮದ್ ಅವರು ಸಾರ್ವಜನಿಕ ಹಣದ ದುರ್ಬಳಕೆಯ ಆರೋಪದ ಮೇಲೆ ಫುಟ್‌ಬಾಲ್ ಒಕ್ಕೂಟವನ್ನು ವಿಸರ್ಜಿಸಿ, ನಿವೃತ್ತ ನ್ಯಾಯಾಧೀಶ ಏರನ್ ರಿಂಗೇರಾ ಅವರ ನೇತೃತ್ವದ ಉಸ್ತುವಾರಿ ಸಮಿತಿಯನ್ನು ನೇಮಿಸಿದರು. ಒಕ್ಕೂಟದ ಅಧ್ಯಕ್ಷ ನಿಕ್ ಮ್ವೆಂಡ್ವಾ ಬಂಧನಕ್ಕೊಳಗಾದರು. ಆರೋಪಗಳನ್ನು ಅವರು ಅಲ್ಲಗಳೆದರು. ಚುನಾಯಿತ ಸದಸ್ಯ ಸಂಸ್ಥೆಯ ಮೇಲೆ ಮೂರನೆಯವರ ಹಸ್ತಕ್ಷೇಪವನ್ನು ಫಿಫಾ ನಿಯಮಾವಳಿ ಒಪ್ಪುವುದಿಲ್ಲ. ಆ ಮೂರನೆಯವರು ಸರ್ಕಾರವಾಗಿರಲಿ, ನ್ಯಾಯಾಲಯವಾಗಿರಲಿ, ವ್ಯತ್ಯಾಸವಿಲ್ಲ. 2022ರ ಫೆಬ್ರವರಿಯಲ್ಲಿ ಕೀನ್ಯಾ ಮತ್ತು ಜಿಂಬಾಬ್ವೆ ಎರಡನ್ನೂ ಒಟ್ಟಿಗೆ ಅಮಾನತುಗೊಳಿಸಲಾಯಿತು.

ಪರಿಣಾಮವಾಗಿ ಕ್ಯಾಮರೂನ್, ನಮೀಬಿಯಾ ಮತ್ತು ಬುರುಂಡಿಗಳಿದ್ದ ಗುಂಪಿನಿಂದ ಕೀನ್ಯಾವನ್ನು ಹೊರಗಿಟ್ಟು, ಮುಂದಿನ ಆಫ್ರಿಕಾ ಕಪ್ ಆಫ್ ನೇಷನ್ಸ್‌ನ ಅರ್ಹತಾ ಸುತ್ತನ್ನು ನಡೆಸಲಾಯಿತು. 2021ರ ನವೆಂಬರಿನಲ್ಲಿ ರುವಾಂಡಾ ವಿರುದ್ಧ ಆಡಿದ ತಂಡವು ಮತ್ತೆ ಕಣಕ್ಕಿಳಿದದ್ದು 2023ರ ಮಾರ್ಚಿನಲ್ಲಿ, ಇರಾನ್ ವಿರುದ್ಧ. ನಡುವಿನ ಹದಿನಾರು ತಿಂಗಳು ರಾಷ್ಟ್ರೀಯ ತಂಡವೆಂಬುದೇ ಇರಲಿಲ್ಲ. ಆಟಗಾರನೊಬ್ಬನ ಉತ್ತಮ ಪ್ರಾಯ ಎಂಟು ಹತ್ತು ವರ್ಷಗಳಷ್ಟೇ ಎಂಬುದನ್ನು ಗಮನಿಸಿದರೆ ಈ ಅವಧಿಯ ಬೆಲೆ ತಿಳಿಯುತ್ತದೆ. ಮಹಿಳಾ ತಂಡವೂ ಇದರಿಂದ ಪಾರಾಗಲಿಲ್ಲ; ಆಫ್ರಿಕಾ ಮಹಿಳಾ ಕಪ್ಪಿನ ಅರ್ಹತಾ ಪಂದ್ಯವನ್ನಾಡದೆ ಹಿಂದೆ ಸರಿಯಬೇಕಾಯಿತು, ಉಗಾಂಡಾ ಮುಂದೆ ಸಾಗಿತು.

2022ರ ಆಗಸ್ಟಿನ ಸಾರ್ವತ್ರಿಕ ಚುನಾವಣೆಯಲ್ಲಿ ವಿಲಿಯಂ ರೂಟೊ ಅಧ್ಯಕ್ಷರಾಗಿ ಆಯ್ಕೆಯಾದರು. ಹೊಸ ಕ್ರೀಡಾ ಸಚಿವ ಅಬಾಬು ನಾಮ್ವಾಂಬಾ ಅವರು ಹಿಂದಿನ ಒಕ್ಕೂಟವನ್ನು ಮರಳಿ ಸ್ಥಾಪಿಸಿದ ಮೇಲೆ, ನವೆಂಬರ್ 28ರಂದು ಅಮಾನತು ತೆರವಾಯಿತು.

ಭಾರತದೊಡನೆ ಹೋಲಿಕೆ

ಕೀನ್ಯಾ ಇನ್ನೂ ಅಮಾನತಿನಲ್ಲಿದ್ದಾಗಲೇ, 2022ರ ಆಗಸ್ಟ್ ಮಧ್ಯದಲ್ಲಿ, ಫಿಫಾ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವನ್ನೂ ಅಮಾನತುಗೊಳಿಸಿತು. ಇಲ್ಲಿ ಮೂರನೆಯವರು ಸಚಿವಾಲಯವಲ್ಲ, ಸರ್ವೋಚ್ಚ ನ್ಯಾಯಾಲಯವು ಮೇ ತಿಂಗಳಲ್ಲಿ ನೇಮಿಸಿದ್ದ ಆಡಳಿತಗಾರರ ಸಮಿತಿ. ಒಕ್ಕೂಟದ ಅಧ್ಯಕ್ಷರ ಅವಧಿ ಮುಗಿದಿದ್ದರೂ ಚುನಾವಣೆ ನಡೆಯದೆ ಉಳಿದದ್ದು ಸಮಿತಿಯ ನೇಮಕಕ್ಕೆ ಕಾರಣವಾಗಿತ್ತು. ಅಮಾನತಿನ ಬಿಸಿ ಕೂಡಲೇ ತಟ್ಟಿತು. ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗೆಂದು ಗೋಕುಲಂ ಕೇರಳ ತಂಡದ ಆಟಗಾರ್ತಿಯರು ತಾಷ್ಕೆಂಟ್ ತಲುಪಿಯೂ ಆಡಲಾಗದೆ ಹಿಂದಿರುಗಿದರು.

ಆದರೆ ಭಾರತದ ಅಮಾನತು ಕೇವಲ ಹನ್ನೊಂದು ದಿನಗಳಲ್ಲಿ, ಆಗಸ್ಟ್ 26ರಂದು ಮುಗಿಯಿತು. ಕೀನ್ಯಾದ್ದು ಒಂಬತ್ತು ತಿಂಗಳು ನಡೆಯಿತು. ಭಾರತದ ಆಡಳಿತ ಹೆಚ್ಚು ಶುದ್ಧವಾಗಿತ್ತೆಂದು ಇದರಿಂದ ತೀರ್ಮಾನಿಸಲಾಗದು. ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಮಹಿಳೆಯರ ವಿಶ್ವಕಪ್ ಭಾರತದಲ್ಲಿ ನಡೆಯಬೇಕಾಗಿತ್ತು. ಅದು ಕೈತಪ್ಪುವ ಭಯದಿಂದ ಕೇಂದ್ರ ಸರ್ಕಾರವೇ ನ್ಯಾಯಾಲಯದ ಮೊರೆಹೋಯಿತು, ನ್ಯಾಯಾಲಯವು ತಾನೇ ನೇಮಿಸಿದ್ದ ಸಮಿತಿಯನ್ನು ಬರಖಾಸ್ತುಗೊಳಿಸಿತು. ಕೀನ್ಯಾ ಸರ್ಕಾರದ ಮುಂದೆ ಅಂಥ ತುರ್ತು ಇರಲಿಲ್ಲ. ಅದು ಹಟ ಬಿಡಲಿಲ್ಲ. ಹಟ ಹಿಡಿದವರು ಅಧಿಕಾರದಿಂದ ಇಳಿಯುವವರೆಗೆ ಆಟಗಾರರು ಕಾಯಬೇಕಾಯಿತು.

ಎರಡೂ ಪ್ರಕರಣಗಳಲ್ಲಿ ಒಂದು ತೊಡಕು ಹಾಗೆಯೇ ಉಳಿದಿದೆ. ಫಿಫಾ ನಿಯಮವು ಕ್ರೀಡಾಸಂಸ್ಥೆಗಳನ್ನು ಸರ್ಕಾರದ ಹಿಡಿತದಿಂದ ರಕ್ಷಿಸುತ್ತದೆ. ಅದು ಅಗತ್ಯವೂ ಹೌದು, ಏಕೆಂದರೆ ತಂಡದ ಆಯ್ಕೆ ಸಚಿವರ ಕೊಠಡಿಯಲ್ಲಿ ನಡೆಯಬಾರದು. ಆದರೆ ಅದೇ ನಿಯಮವು ಲೆಕ್ಕ ಕೇಳುವವರಿಂದಲೂ ಆ ಸಂಸ್ಥೆಗಳನ್ನು ರಕ್ಷಿಸಿಬಿಡುತ್ತದೆ. ಕೀನ್ಯಾದ ಆರೋಪಗಳು ಸಾರ್ವಜನಿಕ ಹಣಕ್ಕೆ ಸಂಬಂಧಿಸಿದ್ದವು. ಅಮಾನತು ತೆರವಾದಾಗ ಅವುಗಳ ವಿಚಾರಣೆ ಹಿಂದೆ ಸರಿಯಿತು, ಹಳೆಯ ಪದಾಧಿಕಾರಿಗಳು ಮುಂದೆ ಬಂದರು. ಬದಲಾವಣೆ ಬಂದದ್ದು 2024ರ ಡಿಸೆಂಬರಿನ ಒಕ್ಕೂಟ ಚುನಾವಣೆಯಲ್ಲಿ. ಹುಸೇನ್ ಮೊಹಮ್ಮದ್ ಅಧ್ಯಕ್ಷರಾಗಿಯೂ ಮಾಜಿ ಆಟಗಾರ ಮರಿಗಾ ಉಪಾಧ್ಯಕ್ಷರಾಗಿಯೂ ಆಯ್ಕೆಯಾದರು. ಭಾರತದಲ್ಲಿ 2022ರ ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ ಅವರು ಭೈಚುಂಗ್ ಭುಟಿಯಾ ಅವರನ್ನು 33–1 ಮತಗಳಿಂದ ಸೋಲಿಸಿದರು. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾದರು.

ಚುನಾವಣೆಯಿಂದ ಭಾರತದ ತೊಂದರೆ ತೀರಲಿಲ್ಲ. ಒಕ್ಕೂಟ ಮತ್ತು ಅದರ ವಾಣಿಜ್ಯ ಪಾಲುದಾರರ ನಡುವಣ ಹಕ್ಕುಗಳ ಒಪ್ಪಂದ ನವೀಕರಣವಾಗದೆ 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ಅನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. 2013ರಲ್ಲಿ ಸ್ಥಾಪನೆಯಾಗಿ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದ, 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ ಅಂತಿಮ ಪಂದ್ಯದವರೆಗೆ ಹೋದ ಸಂಸ್ಥೆಯದೇ ಈ ಗತಿಯಾದರೆ ಸಣ್ಣ ಕ್ಲಬ್‌ಗಳ ಮಾತು ಹೇಳಬೇಕಾಗಿಲ್ಲ. ಸೂಪರ್‌ಸ್ಪೋರ್ಟ್ ಹೊರಟುಹೋದ ಬಳಿಕ ನೈರೋಬಿಯ ಕ್ಲಬ್‌ಗಳು ಕಂಡದ್ದನ್ನೇ ಎಂಟು ವರ್ಷಗಳ ತರುವಾಯ ಬೆಂಗಳೂರು ಕಂಡಿತು.

ಭಾರತದ ವಿರುದ್ಧ ಪಂದ್ಯಗಳು

2018ರ ಜೂನ್‌ನಲ್ಲಿ ಮುಂಬಯಿಯ ಅಂಧೇರಿಯಲ್ಲಿ ಭಾರತ, ಕೀನ್ಯಾ, ನ್ಯೂಜಿಲೆಂಡ್ ಮತ್ತು ಚೈನೀಸ್ ತೈಪೆ ನಡುವೆ ಇಂಟರ್‌ಕಾಂಟಿನೆಂಟಲ್ ಕಪ್ ನಡೆಯಿತು. ಮೊದಲ ದಿನ ಭಾರತ 5–0ಯಿಂದ ಗೆದ್ದರೂ ನೋಡಲು ಬಂದವರು 2,569 ಮಂದಿ ಮಾತ್ರ. ಭಾರತದ ನಾಯಕ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಅವರು ಮರುದಿನ ವಿಡಿಯೊ ಸಂದೇಶವೊಂದರಲ್ಲಿ ಕೈಮುಗಿದು, ಟೀಕಿಸುವುದಕ್ಕಾದರೂ ಮೈದಾನಕ್ಕೆ ಬರಬೇಕೆಂದು ಜನರನ್ನು ಕೇಳಿಕೊಂಡರು. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯವು ಛೆಟ್ರಿ ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯವಾಗಿತ್ತು. ಟಿಕೆಟುಗಳೆಲ್ಲ ಮಾರಾಟವಾದವು. ಮಳೆಯಲ್ಲಿ ನೆನೆದ ಮೈದಾನದಲ್ಲಿ ಭಾರತ 3–0ಯಿಂದ ಗೆದ್ದಿತು. ಎರಡು ಗೋಲು ಛೆಟ್ರಿಯವರದು, ಒಂದು ಜೆಜೆ ಲಾಲ್‌ಪೆಖ್ಲುವಾ ಅವರದು.

ನ್ಯೂಜಿಲೆಂಡ್ ತಂಡವನ್ನು 2–1ರಿಂದಲೂ ಚೈನೀಸ್ ತೈಪೆಯನ್ನು 4–0ಯಿಂದಲೂ ಸೋಲಿಸಿದ ಕೀನ್ಯಾ ಅಂತಿಮ ಪಂದ್ಯಕ್ಕೆ ಬಂದಿತು. ಜೂನ್ 10ರಂದು ಛೆಟ್ರಿ ಮೊದಲ ಅರ್ಧ ಗಂಟೆಯೊಳಗೆ ಎರಡು ಗೋಲು ಹೊಡೆದು ಭಾರತಕ್ಕೆ 2–0 ಗೆಲುವು ತಂದರು. ಅಂದಿಗೆ ಅವರ ಗೋಲುಗಳ ಸಂಖ್ಯೆ 64ಕ್ಕೆ ಏರಿ ಅರ್ಜೆಂಟೀನಾದ ಮೆಸ್ಸಿಯವರ ಅಂದಿನ ಸಂಖ್ಯೆಯನ್ನು ಮುಟ್ಟಿತು. ಕೀನ್ಯಾ ತನ್ನ ಪ್ರಮುಖ ಆಟಗಾರರಲ್ಲಿ ಹಲವರನ್ನು ಕರೆತಂದಿರಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು.

ಕರ್ನಾಟಕದ ನೆಲದಲ್ಲಿ ಕೀನ್ಯಾದ ಪಂದ್ಯವಿಲ್ಲದಿದ್ದರೂ ಛೆಟ್ರಿಯವರ ಕೋರಿಕೆಯ ಫಲ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2023ರಲ್ಲಿ ಕಂಡಿತು. ಆ ವರ್ಷದ ಸ್ಯಾಫ್ ಚಾಂಪಿಯನ್‌ಷಿಪ್‌ನ ಅಂತಿಮ ಪಂದ್ಯದಲ್ಲಿ ಭಾರತವು ತುಂಬಿದ ಮೈದಾನದೆದುರು ಕುವೈತನ್ನು ಪೆನಾಲ್ಟಿಗಳಲ್ಲಿ ಮಣಿಸಿತು. ಆದರೆ ಬೆಂಗಳೂರನ್ನು ದಾಟಿದರೆ ಚಿತ್ರ ಬೇರೆ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆಯ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಖೊಖೊ, ವಾಲಿಬಾಲ್‌ಗಳದ್ದೇ ಪಾರಮ್ಯ. ಫುಟ್‌ಬಾಲಿನ ಗೋಲುಕಂಬ ಕಾಣುವುದು ಅಪರೂಪ.

2024–25ರ ಬೆಳವಣಿಗೆಗಳು

ಅಮಾನತು ತೆರವಾದ ಮೇಲೂ ತಂಡಕ್ಕೆ ತವರಿನಲ್ಲಿ ಆಡುವ ಯೋಗವಿರಲಿಲ್ಲ. ನವೀಕರಣಕ್ಕಾಗಿ ಕ್ರೀಡಾಂಗಣಗಳು ಮುಚ್ಚಿದ್ದವು, ಅಂತರರಾಷ್ಟ್ರೀಯ ಮಾನ್ಯತೆಯುಳ್ಳ ಬೇರೆ ಮೈದಾನ ದೇಶದಲ್ಲಿರಲಿಲ್ಲ. 2024ರ ಜೂನ್‌ನಲ್ಲಿ ಬುರುಂಡಿ ಮತ್ತು ಐವರಿ ಕೋಸ್ಟ್ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಗಳನ್ನು 'ತವರಿನ ಪಂದ್ಯ'ಗಳೆಂಬ ಹೆಸರಿನಲ್ಲಿ ಮಲಾವಿಯಲ್ಲಿ ಆಡಲಾಯಿತು. ಅಕ್ಟೋಬರಿನಲ್ಲಿ ಕ್ಯಾಮರೂನ್ ಎದುರಿನ ಪಂದ್ಯ ನಡೆದದ್ದು ಉಗಾಂಡಾದ ಕಂಪಾಲಾದಲ್ಲಿ. 2025ರ ಆಫ್ರಿಕಾ ಕಪ್ಪಿಗೆ ಅರ್ಹತೆ ತಪ್ಪಿತು. ಟರ್ಕಿಯ ತರಬೇತುದಾರ ಎಂಗಿನ್ ಫಿರಾತ್ ಡಿಸೆಂಬರಿನಲ್ಲಿ ರಾಜೀನಾಮೆಯಿತ್ತರು.

2025ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾದ ಮಾಜಿ ಆಟಗಾರ, 2004ರಲ್ಲಿ ಪೋರ್ಟೊ ತಂಡದೊಡನೆ ಚಾಂಪಿಯನ್ಸ್ ಲೀಗ್ ಗೆದ್ದಿದ್ದ ಬೆನ್ನಿ ಮೆಕಾರ್ಥಿ ತರಬೇತುದಾರರಾಗಿ ಬಂದರು. ಅವರ ಮೊದಲ ದೊಡ್ಡ ಪರೀಕ್ಷೆ ಆಗಸ್ಟಿನ ಚಾನ್ ಪಂದ್ಯಾವಳಿ. ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳು ಒಟ್ಟಾಗಿ ಅದರ ಆತಿಥ್ಯ ವಹಿಸಿದ್ದವು. ಕೀನ್ಯಾ ಈ ಪಂದ್ಯಾವಳಿಯಲ್ಲಿ ಆಡುತ್ತಿದ್ದುದೇ ಮೊದಲ ಬಾರಿ, ಅದೂ ಅತ್ಯಂತ ಕಠಿಣವಾದ ಗುಂಪಿನಲ್ಲಿ. ಆಗಸ್ಟ್ 3ರಂದು ಕಸರಾನಿಯಲ್ಲಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ವಿರುದ್ಧ ಆಸ್ಟಿನ್ ಒಡಿಯಾಂಬೊ ಅವರ ಗೋಲಿನಿಂದ 1–0 ಗೆಲುವು ಬಂದಿತು. ಅಂಗೋಲಾದೊಡನೆ ಹತ್ತು ಮಂದಿಯಿಂದ ಆಡಿ 1–1 ಸಮ ಮಾಡಿಕೊಂಡರು. ಆಗಸ್ಟ್ 10ರಂದು ಹಿಂದೆ ಎರಡು ಬಾರಿ ಚಾನ್ ಗೆದ್ದಿದ್ದ ಮೊರಾಕ್ಕೊವನ್ನು, ಅಂದೂ ಒಬ್ಬ ಆಟಗಾರ ಕೆಂಪು ಚೀಟಿ ಪಡೆದು ಹೊರನಡೆದ ಮೇಲೆ, 1–0ಯಿಂದ ತಡೆದು ನಿಲ್ಲಿಸಿದರು. ಗೋಲು ರಯಾನ್ ಒಗಾಮ್ ಅವರದು. ಜಾಂಬಿಯಾ ವಿರುದ್ಧವೂ ಅವರದೇ ಏಕೈಕ ಗೋಲು. ಹತ್ತು ಅಂಕಗಳೊಡನೆ ಕೀನ್ಯಾ ಗುಂಪಿನ ಅಗ್ರಸ್ಥಾನ ಪಡೆಯಿತು.

ಈ ಗೆಲುವುಗಳ ಹಿಂದೆ ಹಣವೂ ಇತ್ತು. ಪ್ರತಿ ಗೆಲುವಿಗೆ ಪ್ರತಿ ಆಟಗಾರನಿಗೆ ಹತ್ತು ಲಕ್ಷ ಕೀನ್ಯಾ ಶಿಲ್ಲಿಂಗ್ ಬಹುಮಾನವನ್ನು ಅಧ್ಯಕ್ಷ ರೂಟೊ ಘೋಷಿಸಿದ್ದರು. ಲೀಗಿನಲ್ಲಿ ಸಕಾಲಕ್ಕೆ ವೇತನ ಕಾಣದ ಆಟಗಾರರಿಗೆ ಇದು ಬಹು ದೊಡ್ಡ ಮೊತ್ತ. ಆದರೆ ಅಧ್ಯಕ್ಷರ ಔದಾರ್ಯ ಪಂದ್ಯಾವಳಿಯ ತಿಂಗಳಿಗಷ್ಟೇ ಸೀಮಿತ. ಕ್ಲಬ್ಬಿನ ವೇತನ ವರ್ಷವಿಡೀ ಬೇಕು. ಮೈದಾನದ ಹೊರಗೆ ಹಳೆಯ ದೌರ್ಬಲ್ಯವೂ ಇಣುಕಿತು. ಟಿಕೆಟಿಲ್ಲದ ಜನಸಮೂಹ ಕಸರಾನಿಯ ಬಾಗಿಲುಗಳನ್ನು ನುಗ್ಗಿದ್ದರಿಂದ ಆಫ್ರಿಕಾದ ಫುಟ್‌ಬಾಲ್ ಆಡಳಿತ ಸಂಸ್ಥೆಯು ದಂಡ ವಿಧಿಸಿ, ಪ್ರೇಕ್ಷಕರ ಸಂಖ್ಯೆಗೆ ಮಿತಿ ಹಾಕಿತು. ಇಪ್ಪತ್ತೆರಡರಂದು ಎಂಟರ ಘಟ್ಟದಲ್ಲಿ ಮಡಗಾಸ್ಕರ್ ವಿರುದ್ಧ ಪಂದ್ಯ 1–1 ಸಮವಾಗಿ, ಪೆನಾಲ್ಟಿಗಳಲ್ಲಿ ಕೀನ್ಯಾ 3–4ರಿಂದ ಸೋತಿತು. ಟಾಂಜಾನಿಯಾ, ಉಗಾಂಡಾಗಳೂ ಅದೇ ಘಟ್ಟದಲ್ಲಿ ಹೊರಬಿದ್ದವು. ಗುಂಪಿನಲ್ಲಿ ಕೀನ್ಯಾಕ್ಕೆ ಸೋತಿದ್ದ ಮೊರಾಕ್ಕೊ, ಅದೇ ಕಸರಾನಿಯಲ್ಲಿ ಮಡಗಾಸ್ಕರನ್ನು 3–2ರಿಂದ ಸೋಲಿಸಿ ಕಪ್ ಎತ್ತಿತು.

ಚಾನ್ ಗೆಲುವುಗಳನ್ನು ಅಳೆಯುವಾಗ ಎಚ್ಚರ ಅಗತ್ಯ. ಅಲ್ಲಿ ಎದುರಾಳಿಗಳ ಯುರೋಪ್ ವಾಸಿ ಆಟಗಾರರು ಇರುವುದಿಲ್ಲ. ಪೂರ್ಣ ಪ್ರಮಾಣದ ತಂಡಗಳ ವಿರುದ್ಧ ಚಿತ್ರ ಬೇರೆಯೇ ಆಗಿತ್ತು. ಸೆಪ್ಟೆಂಬರಿನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಗ್ಯಾಂಬಿಯಾ ವಿರುದ್ಧ ತವರಿನಲ್ಲಿಯೇ 1–3 ಸೋಲು, ದುರ್ಬಲ ಸೇಶೆಲ್ಸ್ ವಿರುದ್ಧ 5–0 ಗೆಲುವು, ಅಕ್ಟೋಬರ್ 14ರಂದು ಐವರಿ ಕೋಸ್ಟ್ ವಿರುದ್ಧ 0–3 ಸೋಲು. ಅಂದಿನ ಗೆಲುವಿನೊಡನೆ ಐವರಿ ಕೋಸ್ಟ್ 2026ರ ವಿಶ್ವಕಪ್ಪಿಗೆ ಹೋಯಿತು. ನವೆಂಬರಿನಲ್ಲಿ ಟರ್ಕಿಯಲ್ಲಿ ನಡೆದ ಸ್ನೇಹಪಂದ್ಯದಲ್ಲಿ ಸೆನೆಗಲ್ 8–0ಯಿಂದ ಕೀನ್ಯಾವನ್ನು ಸೋಲಿಸಿತು.

2027ರ ಆತಿಥ್ಯ

2023ರ ಸೆಪ್ಟೆಂಬರ್ 27ರಂದು 2027ರ ಆಫ್ರಿಕಾ ಕಪ್ ಆಫ್ ನೇಷನ್ಸ್ ಆತಿಥ್ಯವನ್ನು ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳಿಗೆ ಜಂಟಿಯಾಗಿ ನೀಡಲಾಯಿತು. ಮೂರು ದೇಶಗಳು ತಮ್ಮ ಮನವಿಗೆ ಇಟ್ಟಿದ್ದ ಹೆಸರು 'ಪಮೋಜಾ'. ಸ್ವಾಹಿಲಿಯಲ್ಲಿ 'ಒಟ್ಟಾಗಿ' ಎಂದರ್ಥ. ಆತಿಥೇಯ ದೇಶವಾದುದರಿಂದ ಕೀನ್ಯಾಕ್ಕೆ ಸ್ಥಾನ ಖಚಿತವಾಗಿದೆ. ನೈರೋಬಿಯಲ್ಲಿ 60,000 ಆಸನಗಳ ತಲಾಂಟಾ ಕ್ರೀಡಾಂಗಣದ ಕಾಮಗಾರಿ 2024ರ ಮಾರ್ಚಿನಲ್ಲಿ ಆರಂಭವಾಯಿತು.

ಕ್ರೀಡಾಂಗಣಕ್ಕಿಂತ ಕಷ್ಟದ ಕೆಲಸ ಲೀಗನ್ನು ನಿಲ್ಲಿಸುವುದು. ಚಾನ್‌ನಲ್ಲಿ ಗಮನ ಸೆಳೆದ ರಯಾನ್ ಒಗಾಮ್ ದೇಶೀಯ ಕ್ಲಬ್ ಟಸ್ಕರನ್ನು ಬಿಟ್ಟು ಆಸ್ಟ್ರಿಯಾದ ವುಲ್ಫ್ಸ್‌ಬರ್ಗರ್ ಕ್ಲಬ್ಬಿಗೆ ತೆರಳಿದರು. ಆಟಗಾರನಿಗೆ ಅದು ಒಳ್ಳೆಯದೇ. ಆದರೆ ಅವರು ಬಿಟ್ಟುಹೋದ ಲೀಗಿಗೆ ದೀರ್ಘಾವಧಿಯ ಪ್ರಸಾರ ಒಪ್ಪಂದವನ್ನು ಯಾರು ತರುವರೆಂಬುದು ಹುಸೇನ್ ಮೊಹಮ್ಮದ್ ಅವರ ಒಕ್ಕೂಟದ ಮುಂದಿರುವ ಪ್ರಶ್ನೆಯಾಗಿದೆ.